ಚಾಳಿನ ಮುಂದಿನ ನಳ

ಶಿರಸಿ
೧೧ ಮಾರ್ಚ್ ೨೦೨೫

ನನ್ನ ಮಧುರಾ,

ಫೋನ್ ಮಾಡಿದರೆ ಮೀಟಿಂಗ್ ಅನ್ನುತ್ತೀಯ. ಕಾಗದಕ್ಕಾದರೂ ಮೀಟಿಂಗ್ ಅಡ್ಡ ಬರಲಿಕ್ಕಿಲ್ಲ. ಊಟ ಮಾಡಿದ ಮೇಲೆ ಓದು, ಮೊದಲೇ ಓದಿದರೆ ಅನ್ನ ಸೇರುವುದಿಲ್ಲ.

ಬರುವ ಸೋಮವಾರ ನಮ್ಮ ಚಾಳಿನ ಮುಂದಿನ ಬೀದಿ ನಳ ಕೀಳುತ್ತಾರಂತೆ. ಗೋಡೆಗೆ ನೋಟಿಸು ಅಂಟಿಸಿ ಹೋಗಿದ್ದಾರೆ, ಅಡಿಯಲ್ಲಿ ನಿನ್ನ ಸಹಿ! ಹಳೇ ಪೈಪು ತುಕ್ಕು ಹಿಡಿದಿದೆ, ಊರು ಬೆಳೆದಿದೆ, ಹೊಸ ಪೈಪು ಬೇಕು. ಬೇಡ ಅಂದವರು ಯಾರು? ಆ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಸೋಸಿ ನಿನ್ನನ್ನು ಬೆಳೆಸಿದವಳು ನಾನು. ಹೊಸ ಪೈಪು ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳೂ ನಾನೇ.

ಆದರೆ ಮನೆಗೊಂದು ಮೀಟರ್, ಬೀದಿ ನಳ ಬಂದ್ ಎಂದು ಬರೆದಿದ್ದೀಯಲ್ಲ, ಮನೆ ಅಂದರೆ ಯಾವುದು ಮಾರಾಯ್ತಿ? ಮಾಲೀಕ ಉಲ್ಲಾಸರ ಅಂಗಳಕ್ಕೆ ಮೀಟರ್ ಬಂತು, ಅಲ್ಲಿಗೆ ನಿನ್ನ ಲೆಕ್ಕ ಮುಗಿಯಿತು. ಅದರ ಹಿಂದಿರುವ ನಮ್ಮ ಬಾಡಿಗೆ ಖೋಲಿಗಳು ನಿನ್ನ ನಕ್ಷೆಯಲ್ಲಿ ಇಲ್ಲವೇ ಇಲ್ಲ. ನೀನು ಅಂಬೆಗಾಲಿಟ್ಟ ಖೋಲಿಯೇ ಇಲ್ಲದ ನಕ್ಷೆ ಎಂಥ ನಕ್ಷೆ?

ಖೋಲಿಗಳಿಗೂ ಒಂದು ಕನೆಕ್ಷನ್ ಕೊಡಿಸಿ ಎಂದು ಉಲ್ಲಾಸರನ್ನು ಕೇಳಿದೆ. ಮಾಲೀಕರ ಒಪ್ಪಿಗೆ ಇಲ್ಲದೆ ನಿಮ್ಮ ಇಲಾಖೆಯವರು ಕೊಡುವುದಿಲ್ಲವಲ್ಲ. "ನಳ ಕೊಟ್ರೆ ನೀವು ಖೋಲಿ ಬಿಡೂದೇ ಇಲ್ಲ ಪರಿಮಳಕ್ಕ, ನಾಳೆ ನಮ್ದೇ ಅಂತೀರಿ" ಎಂದು ನಕ್ಕರು. ನಗಲಿಕ್ಕೆ ಏನು ಬಂತು ಇವರಿಗೆ! ನೀರಿಲ್ಲದೆ ನನ್ನ ಖಾನಾವಳಿ ಒಂದು ಹೊತ್ತೂ ನಡೆಯುವುದಿಲ್ಲ. ಕಣ್ಣು ಕಾಣದ ಮುದುಕಿ ಬಿಸ್ಮಿಲ್ಲಾ ಬಿ ಎಲ್ಲಿಂದ ನೀರು ತರಬೇಕು?

ನೀನು ಯಲ್ಲಾಪುರದಲ್ಲಿ ಇಂಜಿನಿಯರ್ ಎಂದಷ್ಟೇ ಚಾಳಿನವರಿಗೆ ಗೊತ್ತು, ಶಿರಸಿಯ ನೀರಿನ ಕೆಲಸವೂ ನಿನ್ನ ಕೈಗೆ ಬಂದದ್ದು ಗೊತ್ತಿಲ್ಲ. ನೋಟಿಸಿನ ಸಹಿಯ ಗುರುತು ಹತ್ತಿದ್ದು ನನಗೊಬ್ಬಳಿಗೇ. ಪಕ್ಕದ ಖೋಲಿಯ ಗುರುಶಾಂತವ್ವ ಅದನ್ನು ಓದಿಸಿಕೊಂಡು, "ಯಾಂವ ಇಂವ ಸಾಹೇಬ? ಇವನ ಅವ್ವ ಎಂದೂ ಕೊಡ ಹೊತ್ತಿಲ್ಲೇನು?" ಎಂದು ಕೂಗಾಡಿದಳು. ಅವಳ ಎದುರೇ ಕೊಡ ಎತ್ತಿಕೊಂಡು ಒಳಗೆ ಬಂದೆ. ಅಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ.

ಖೋಲಿಗಳಿಗೆ ನೀರು ಬರುವವರೆಗೆ ಆ ನಳಕ್ಕೆ ಕೈ ಹಚ್ಚಬೇಡ. ನಿಯಮ ಗಿಯಮ ನನಗೆ ಹೇಳಬೇಡ. ನೀನೇ ಬರೆದದ್ದು, ನೀನೇ ತಿದ್ದು.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಮ್ಮ

ತಾ.ಕ.: ಮುಚ್ಚಿಡಲು ಆಗಲಿಲ್ಲ. ಈಗಷ್ಟೇ ಹೊರಗೆ ಹೋಗಿ, ಸಹಿ ನನ್ನ ಮಗಳದ್ದು ಎಂದುಬಿಟ್ಟೆ. ಬೈಯುತ್ತಾರೆ ಅಂದುಕೊಂಡರೆ ಎಲ್ಲರಿಗೂ ಜೀವ ಬಂದಂತಾಯಿತು! ಸೋಮವಾರ ನಳ ಕೀಳಲು ಬಿಡದಂತೆ ಎಲ್ಲರೂ ಅದರ ಕಟ್ಟೆಯ ಮೇಲೆ ಕೂರುತ್ತಾರಂತೆ, ಮೊದಲು ನನ್ನನ್ನೇ ಕೂರಿಸುತ್ತಾರಂತೆ. "ಹಡೆದವ್ವ ಕುಂತಲ್ಲಿ ಮಗಳು ಗುದ್ದಲಿ ಹಾಕಸ್ತಾಳೇನು?" ಎಂದು ಗುರುಶಾಂತವ್ವ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಾಳೆ. ನಾನೂ ಹೂಂ ಅಂದೆ. ನೀನು ಹಾಕಿಸುವುದಿಲ್ಲ ಎನ್ನುವಷ್ಟು ಧೈರ್ಯ ನನಗಿಲ್ಲ ಮಗಾ.