ಈಜುಡುಪಿಗೆ ತೋಳು

ಜನವರಿ 6, ಸೋಮವಾರ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇವತ್ತೂ ಅದೇ ಲಾಟ್. ಜರ್ಮನಿಗೆ ಹೋಗುವ ಸ್ವಿಮ್‌ಸೂಟ್, ನೇರಳೆ ಬಣ್ಣ. ನನ್ನದು ಕಾಲಿನ ಸುತ್ತ ಎಲಾಸ್ಟಿಕ್ ಕೂರಿಸುವ ಕೆಲಸ. ಹೊಸೂರಿನಿಂದ ತಳಿಗೆ ಬರುವ ಬಸ್ಸಿನಲ್ಲಿ ನಿಂತೇ ಬಂದೆ. ಸೊಂಟ ಬಿದ್ದುಹೋಗಿದೆ.

ಮನೆಗೆ ಬಂದರೆ ಮಗಳು ಚಂದ್ರಲೇಖಾ ಕುಣಿಯುತ್ತಿದ್ದಾಳೆ. ಕೃಷ್ಣಗಿರಿಯ ಈಜು ಸ್ಪರ್ಧೆಗೆ ಪಿ.ಟಿ. ಸಾರ್ ಮುರಳಿಕೃಷ್ಣ ಅವಳ ಹೆಸರು ಕೊಟ್ಟಿದ್ದಾರಂತೆ. ಗೆದ್ದರೆ ಸ್ಪೋರ್ಟ್ಸ್ ಹಾಸ್ಟೆಲ್ ಸೀಟು. ಬಾವಿಯಲ್ಲಿ ಕಲಿತ ಈಜು!

ಅತ್ತೆ ಮುನಿಗಂಗಮ್ಮ ಶುರು ಹಚ್ಚಿಕೊಂಡರು. "ಚಡ್ಡಿ ಹಾಕ್ಕಂಡು ಹತ್ತು ಜನದ ಮುಂದೆ ನಿಂತ್ಕತಾಳಾ? ಮಾನ ಮರ್ವಾದೆ ಬ್ಯಾಡ್ವಾ?" ಈ ಅತ್ತೆಯೇ ಎದೆಗೆ ಲಂಗ ಕಟ್ಟಿಕೊಂಡು ಬಾವಿಗೆ ಧುಮುಕುತ್ತಿದ್ದವರು. ಒದ್ದೆ ಲಂಗ ಏನು ಮುಚ್ಚುತ್ತದೆ... ಬಾಯಿಗೆ ಬಂತು, ನುಂಗಿಕೊಂಡೆ.

ಯಜಮಾನರು ಕೊನೆಗೆ, "ಮೈ ಮುಚ್ಚೋ ಹಂಗೆ ನೀನೇ ಏನಾರ ಹೊಲ್ಕೊಡು" ಎಂದರು.

ಜನವರಿ 9

ಸ್ಯಾಂಪಲ್ ರೂಮಿನ ಗೋಡೆಯ ಮೇಲೆ ಹಳೇ ಫೋಟೋಗಳಿವೆ. ಇವತ್ತೇ ಸರಿಯಾಗಿ ನೋಡಿದ್ದು. ನೂರು ವರ್ಷದ ಹಿಂದೆ ಫಾರಿನ್ ಹೆಂಗಸರೂ ಉಣ್ಣೆ ಬಟ್ಟೆ, ಕಾಲುಚೀಲ ಹಾಕಿಕೊಂಡೇ ಸಮುದ್ರಕ್ಕೆ ಇಳಿಯುತ್ತಿದ್ದರಂತೆ. ಒಂದರಲ್ಲಿ ಪೊಲೀಸು ಮಂಡಿಯೂರಿ ಟೇಪು ಹಿಡಿದು ಒಬ್ಬಳ ಈಜುಡುಪು ಮಂಡಿಯಿಂದ ಎಷ್ಟು ಮೇಲಿದೆ ಎಂದು ಅಳೆಯುತ್ತಿದ್ದಾನೆ. ಲಂಗ ನೀರಲ್ಲಿ ತೇಲದಿರಲಿ ಅಂತ ಅಂಚಿಗೆ ಸೀಸದ ಗುಂಡು ಹೊಲಿಯುತ್ತಿದ್ದರು ಎಂದು ಡಿಸೈನರ್ ಮೇಡಂ ನಕ್ಕರು. ನನಗೆ ದಾರಿ ಸಿಕ್ಕಿತು.

ಜನವರಿ 17

ಚಂದ್ರಳ ಈಜುಡುಪು ಹೊಲಿದು ಮುಗಿಯಿತು. ಮೊಣಕೈವರೆಗೆ ತೋಳು, ಮಂಡಿ ದಾಟುವ ಪ್ಯಾಂಟು, ಸೊಂಟದ ಸುತ್ತ ನೆರಿಗೆಯ ಫ್ರಿಲ್, ಅದರ ಅಂಚಿಗೆ ಮೀನುಬಲೆಯ ಸೀಸದ ಗುಂಡು. ಬಾವಿಯಲ್ಲಿ ಈಜಿಸಿ ನೋಡಿದೆ. "ಭಾರ ಕಣಮ್ಮ" ಅಂದಳು. ಆದರೂ ಈಜಿದಳು. ಅತ್ತೆಯೂ ಒಪ್ಪಿದರು — "ಈಗ ಲಕ್ಷಣವಾಗಿ ಅದೆ." ನನ್ನ ಕೈಕೆಲಸಕ್ಕೆ ನಾನೇ ಬೀಗಿದೆ.

ಜನವರಿ 25, ಶನಿವಾರ ಸಂಜೆ

ಕೃಷ್ಣಗಿರಿಯಲ್ಲಿ ಈಜುಕೊಳದ ಹತ್ತಿರವೇ ತಡೆದರು. ಅಧಿಕಾರಿ ಹೆಂಗಸು ತಮಿಳಿನಲ್ಲಿ ಮೆತ್ತಗೇ ಹೇಳಿದಳು. ತೋಳು ಇರಬಾರದು. ಮಂಡಿ ದಾಟಬಾರದು. ಫ್ರಿಲ್ಲು, ಸೀಸ ಇರಲೇಬಾರದು. "ರೂಲ್ಸ್ ಅಮ್ಮಾ." ಊರಿಗೆ ಸರಿಯಾದ ಬಟ್ಟೆ ಇಲ್ಲಿ ಜಾಸ್ತಿಯಾಯಿತು.

ಮುರಳಿಕೃಷ್ಣ ಸಾರ್ ಓಡಿಹೋಗಿ ಬೇರೆ ಹುಡುಗಿಯ ಕಾಸ್ಟ್ಯೂಮ್ ತಂದರು. ನಾನು ದಿನಾ ಹೊಲಿಯುವಂಥದ್ದೇ. ಚಂದ್ರ ನನ್ನ ಮುಖ ನೋಡಿದಳು. ಯಜಮಾನರು ಗ್ಯಾಲರಿಯಲ್ಲಿ ಕೂತಿದ್ದರು. ನಾನು ಬೇಡವೆಂದು ತಲೆ ಆಡಿಸಿದೆ.

ಅವಳು ಬೆಂಚಿನ ಮೇಲೆ ಕೂತಳು. ಉಳಿದ ಹುಡುಗಿಯರು ನೀರಿಗೆ ಹಾರಿದರು.

ಫೆಬ್ರವರಿ 20

ಬರೆಯಲು ಮನಸ್ಸಾಗಿರಲಿಲ್ಲ. ಹಾಸ್ಟೆಲ್ ಸೀಟು ಬೇರೆಯವರಿಗೆ ಆಯಿತು. ಬಾವಿ ಕಡೆ ಅವಳು ತಿರುಗಿಯೂ ನೋಡುವುದಿಲ್ಲ. ನಾನೇ ಕರೆದೆ. "ಬ್ಯಾಡ" ಅಂದಳು, ಅಷ್ಟೇ. ಫ್ಯಾಕ್ಟರಿಯ ಹೊಲಿಗೆ ಲೈನಿನಲ್ಲಿ ಎಲಾಸ್ಟಿಕ್ ಎಳೆಯುವಾಗ ಇದೇ ಯೋಚನೆ. ಯಾರ್‍ಯಾರ ಮಕ್ಕಳಿಗೋ ಹೊಲಿದೆ. ನನ್ನವಳಿಗೆ ಮಾತ್ರ...

ಫೆಬ್ರವರಿ 23, ಭಾನುವಾರ

ಮುದ್ದೆ ತೊಳಸುತ್ತಿದ್ದೆ. ಚಂದ್ರ ಬಂದು ಪಕ್ಕದಲ್ಲಿ ನಿಂತಳು.

"ಅವತ್ತು ಅಪ್ಪ ಬ್ಯಾಡ ಅಂದಿದ್ರಾ?"

"ಇಲ್ಲ."

"ಇವತ್ತು ಅಪ್ಪನ್ನೇ ಕೇಳ್ದೆ. ಎಲ್ಲಾ ಹೆಣ್ಮಕ್ಳೂ ಅದ್ನೇ ಹಾಕಿದ್ರಲ್ಲ, ನೀನೂ ಹಾಕ್ಕಂಡು ಈಜ್ಬೋದಿತ್ತು ಅಂದ್ರು." ನನ್ನ ಕಡೆ ತಿರುಗಿದಳು. "ಮತ್ತೆ ನೀನ್ಯಾಕಮ್ಮ ತಲೆ ಆಡಿಸ್ದೆ?"

ಮುದ್ದೆ ತಳ ಹಿಡಿಯಿತು. ಗಂಡನಿಗೆ ಹೆದರಿದೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಅವರಿಗಲ್ಲ. ಅವಳನ್ನು ಆ ಬಟ್ಟೆಯಲ್ಲಿ ನೋಡಲು ನನಗೇ ನಾಚಿಕೆಯಾಗಿತ್ತು.