ದಾರದಲ್ಲಿ ಅಳೆದ ಹದಿನಾಲ್ಕು ಗಂಟೆ

ಹೊಲಿಗೆ ಮೇಜಿನಿಂದ,
ಮಾರ್ಚ್ ೧೨, ಬೆಳಗ್ಗೆ

ನನ್ನ ಮುದ್ದು ಗುಂಡುಸೂಜಿಗೆ,

ಹೇಗಿದ್ದೀಯೇ? ಕತ್ತುನೋವು ಕಡಿಮೆಯಾಯಿತೇ? ಬಗ್ಗಿಕೊಂಡು ಕಾಜಾ ಹೊಲಿಯಬೇಡ ಎಂದು ನೂರು ಸಲ ಹೇಳಿದ್ದೇನೆ, ನೀನು ಕೇಳಿದ್ದು ಯಾವಾಗ? ನನ್ನ ಕಾಲು ಪರವಾಗಿಲ್ಲ, ಊತ ಇಳಿದಿದೆ. ನಿನ್ನ ಭಾವ ಮಾತ್ರ ಮೂರು ದಿನದಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದಾರೆ. ಕಾರಣ ಕೇಳಿದರೆ ನಕ್ಕು ನಕ್ಕು ಸುಸ್ತಾಗುತ್ತೀಯ.

ನೀನು ಸ್ವಂತ ಹೊಲಿಗೆ ಅಂಗಡಿ ತೆರೆಯುತ್ತಿರುವ ಸುದ್ದಿ ಬಂದ ದಿನ ಖುಷಿಗೆ ಅತ್ತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ವಿದೇಶಕ್ಕೆ ಹೊರಡುವಾಗ ಹೇಳಿದ್ದೆಯಲ್ಲ, “ಅಕ್ಕಾ, ನನ್ನ ಅಂಗಡೀಲಿ ಮೊದಲ ಬಟ್ಟೆಗೆ ಕತ್ತರಿ ಹಾಕೋದು ನೀನೇ” ಅಂತ. ಆದರೆ ಡಾಕ್ಟರದು ಒಂದೇ ಪಟ್ಟು: ಈ ಕಾಲಿಟ್ಟುಕೊಂಡು ಹದಿನೈದು ಗಂಟೆಗಿಂತ ಹೆಚ್ಚು ವಿಮಾನದಲ್ಲಿ ಕೂರುವಂತಿಲ್ಲ. ನಿನ್ನ ಭಾವ ತಕ್ಷಣ ಗೋಡೆಯ ಭೂಪಟದ ಮೇಲೆ ತಮ್ಮ ಮರಗೆಲಸದ ಅಡಿಪಟ್ಟಿ ಇಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಮ್ಮೂರಿಂದ ನಿಮ್ಮೂರಿಗೆ ನೇರ ಗೆರೆ ಎಳೆದೇಬಿಟ್ಟರು. ಹದಿನಾರು ಸಾವಿರ ಕಿಲೋಮೀಟರ್, ವಿಮಾನಕ್ಕೆ ಗಂಟೆಗೆ ಎಂಟುನೂರೈವತ್ತರ ಲೆಕ್ಕದಲ್ಲಿ ಹತ್ತೊಂಬತ್ತು ಗಂಟೆ! ಟಿಕೆಟ್ ಕಚೇರಿಯಲ್ಲಿ ಒಮ್ಮೆ ವಿಚಾರಿಸೋಣ ಎಂದರೆ, “ಅವರನ್ನೇನು ಕೇಳೋದು? ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿದ ಕೈ ಇದು, ಅಳತೆ ತಪ್ಪುತ್ತಾ?” ಅಂದರು.

ಮಾರನೆಯ ದಿನ ಅದೇ ಭೂಪಟ ನೋಡುತ್ತಾ ಅನುಮಾನ ಬಂತು. ಭೂಮಿ ಗುಂಡಗಿದೆ, ಪಟ ಚಪ್ಪಟೆಯಾಗಿದೆ. ದುಂಡು ಮೈಗೆ ಹೊಲಿದ ಬಟ್ಟೆಯನ್ನು ಮೇಜಿನ ಮೇಲೆ ಸಪಾಟಾಗಿ ಹಾಸಬೇಕೆಂದರೆ ಎಲ್ಲೋ ಒಂದು ಕಡೆ ಎಳೆಯಲೇಬೇಕಲ್ಲ? ಈ ಪಟದ ಮೇಲ್ಭಾಗವನ್ನು ಯಾರೋ ಚೆನ್ನಾಗಿ ಎಳೆದಿದ್ದಾರೆ! ಪಕ್ಕದ ಶಾಲೆಯಿಂದ ಗ್ಲೋಬು ಎರವಲು ತಂದು ಮೊದಲು ಅದರ ಸೊಂಟದ ಅಳತೆ ತೆಗೆದೆ. ಸರಿಯಾಗಿ ನೂರು ಸೆಂಟಿಮೀಟರ್. ನಿಜವಾದ ಭೂಮಿಯ ಸೊಂಟ ನಲವತ್ತು ಸಾವಿರ ಕಿಲೋಮೀಟರ್ ಎಂದು ಶಾಲೆಯ ಮೇಡಂ ಹೇಳಿದರು. ಅಂದರೆ ಸೆಂಟಿಮೀಟರಿಗೆ ನಾನೂರು. ಆಮೇಲೆ ನಮ್ಮೂರಿಗೂ ನಿಮ್ಮೂರಿಗೂ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಮೇಲಕ್ಕೆ ಜಾರಿ ಉತ್ತರದ ಹಿಮದ ಹತ್ತಿರ ಹಾದುಹೋಯಿತು. ಬರೀ ಮೂವತ್ತು ಸೆಂಟಿಮೀಟರ್! ಹನ್ನೆರಡು ಸಾವಿರ ಕಿಲೋಮೀಟರ್, ಹದಿನಾಲ್ಕು ಗಂಟೆ ಚಿಲ್ಲರೆ. ದಾರ ಕೈಯಲ್ಲಿ ಹಿಡಿದುಕೊಂಡೇ, ನಿನ್ನ ಭಾವನನ್ನೂ ಎಳೆದುಕೊಂಡು ಟಿಕೆಟ್ ಕಚೇರಿಗೆ ನಡೆದೆ. ಅಲ್ಲಿಯ ಗುಮಾಸ್ತೆ ಪರದೆ ನೋಡಿ, “ನೇರ ವಿಮಾನ ಇದೆ, ಹದಿನಾಲ್ಕು ಗಂಟೆ ಹತ್ತು ನಿಮಿಷ” ಅಂದಳು. ನಿನ್ನ ಭಾವನ ಮುಖ ನೋಡಬೇಕಿತ್ತು ಕಣೇ! ಗೆದ್ದೆ, ಗೆದ್ದೇಬಿಟ್ಟೆ. ಬಾಗಿಲು ಮಾಡುವವರಿಗೆ ಸೊಂಟದ ಅಳತೆ ಏನು ಗೊತ್ತು?

ನಿನ್ನ ಹೊಸ ಅಂಗಡಿ ತುಂಬಿ ತುಳುಕಲಿ. ಕತ್ತು ನೆಟ್ಟಗಿಟ್ಟುಕೊಂಡು ಕೆಲಸ ಮಾಡು.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆತೇಬಿಟ್ಟಿದ್ದೆ: ಡಾಕ್ಟರು ಒಪ್ಪಿದ್ದಾರೆ, ಟಿಕೆಟ್ ಕೈಯಲ್ಲಿದೆ! ಅಂಗಡಿ ತೆರೆಯುವ ಹಿಂದಿನ ದಿನ ಬೆಳಗ್ಗೆ ಬಂದಿಳಿಯುತ್ತೇನೆ. ಅಲ್ಲಿಯವರೆಗೆ ಒಂದು ಬಟ್ಟೆಗೂ ಕತ್ತರಿ ತಾಗಿಸಕೂಡದು. ನನ್ನ ಕತ್ತರಿ ಆಗಲೇ ಪೆಟ್ಟಿಗೆ ಸೇರಿದೆ. ನಿನ್ನ ಭಾವನೂ ಒಂದು ಟಿಕೆಟ್ ತೆಗೆದುಕೊಂಡಿದ್ದಾರೆ. ಹದಿನಾಲ್ಕು ಗಂಟೆ ಹೌದೋ ಅಲ್ಲವೋ ತಮ್ಮ ಕೈಗಡಿಯಾರದಲ್ಲೇ ನೋಡಬೇಕಂತೆ.