ಹೇಳದೆ ಬಿಟ್ಟ ಹಗ್ಗ

ಗುರುವಾರ, ೧೪ನೇ ತಾರೀಖು
ಹಾಯಿ ಹೊಲಿಯುವ ಅಂಗಡಿಯ ಮಹಡಿ ಕೋಣೆ

ನನ್ನ ಮೂಕಬಸವನವರಿಗೆ,

ಮುಟ್ಟಿದ ದಿನವೇ ಬರೆಯುತ್ತೇನೆಂದು ಹೇಳಿ ಬಂದವಳು ಒಂಬತ್ತು ದಿನ ಸುಮ್ಮನಿದ್ದುಬಿಟ್ಟೆ. ಬೈಯಿರಿ, ನಿಮಗೆ ಬೈಯಲು ಬಂದರೆ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಎರಡು 'ಹೂಂ', ಒಂದು 'ಸರಿ' ಕೇಳಿಕೊಂಡು ಫೋನ್ ಇಡುವಷ್ಟು ತಾಳ್ಮೆ ಈಗ ನನಗಿಲ್ಲ. ಕೆಳಗೆ ಮೂರು ಹೊಲಿಗೆ ಯಂತ್ರಗಳು ಬೆಳಗಿನಿಂದ ಕಟಕಟ ಎನ್ನುತ್ತಿವೆ. ಕಿಟಕಿಯಲ್ಲಿ ನನ್ನ ಕಾಲುಚೀಲಗಳು ನಾಲ್ಕು ದಿನದಿಂದ ಒಣಗುವ ನಾಟಕ ಆಡುತ್ತಿವೆ. ಊಟಕ್ಕೆ, ನಿದ್ದೆಗೆ ಕೊರತೆ ಇಲ್ಲ. ತಲೆ ಮಾತ್ರ ಕೆಟ್ಟು ಕೂತಿದೆ.

ನೀವೇ ತಾನೆ ನನ್ನನ್ನು ಇಲ್ಲಿಗೆ ಅಟ್ಟಿದ್ದು? "ಹನ್ನೊಂದು ವರ್ಷ ಡಿಂಗಿ ಓಡಿಸಿದೋಳಿಗೆ ಯಾಟ್ ಯಾವ ಲೆಕ್ಕ? ಹೋಗು, ಆಗುತ್ತೆ" ಎಂದಿರಿ. ಈ ವರ್ಷ ನೀವಾಡಿದ ಅತಿ ಉದ್ದದ ಮಾತು ಅದು, ಅದಕ್ಕೇ ನಂಬಿದೆ. ನಮ್ಮ ಡಿಂಗಿ ಇಬ್ಬರೇ ಕೂರುವ ಪುಟ್ಟ ಹಾಯಿದೋಣಿ, ಇದು ಹನ್ನೆರಡು ಮಂದಿ ದುಡಿಯುವ ಯಾಟ್. ಗಾಳಿ ಒಂದೇ, ನೀರು ಒಂದೇ, ಇನ್ನೇನು ಎಂದುಕೊಂಡು ಬಂದೆ. ಎಲ್ಲ ಸುಳ್ಳು ಕಣ್ರೀ.

ನಮ್ಮ ದೋಣಿಯಲ್ಲಿ ಗಾಳಿ ಜೋರಾದರೆ ಕೂತಲ್ಲೇ ತಿಳಿಯುತ್ತದೆ. ನಾನು ಹಗ್ಗ ಸಡಿಲಿಸುತ್ತೇನೆ, ನೀವು ಅಂಚಿಗೆ ಸರಿದು ಮೈಯನ್ನು ಹೊರಕ್ಕೆ ಚಾಚುತ್ತೀರಿ, ದೋಣಿ ನೆಟ್ಟಗಾಗುತ್ತದೆ. ಮಾತಿಗೆಲ್ಲಿ ಜಾಗ? ನೆಲದ ಮೇಲೆ ಬಾಯಿ ಮುಚ್ಚದ ನಾನೂ ನೀರಿನ ಮೇಲೆ ನಿಮ್ಮಂತೆಯೇ ಮೂಕಿ. ಯಾಟಿನ ಮೇಲೆ ಕೂತರೆ ಸಿಮೆಂಟು ಕಟ್ಟೆಯ ಮೇಲೆ ಕೂತಂತೆ, ಏನೂ ತಿಳಿಯುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದೇ ಕೆಲಸ, ಪ್ರತಿಯೊಂದಕ್ಕೂ ಒಂದು ಕೂಗು. "ಬಿಡ್ತಿದೀನಿ!" "ಹೂಂ, ಬಿಡು!" "ಬಿಟ್ಟೆ!" ತರಕಾರಿ ಮಾರ್ಕೆಟ್ಟೇ ಇದಕ್ಕಿಂತ ವಾಸಿ.

ಭಾನುವಾರ ಅಭ್ಯಾಸದ ರೇಸು ಇತ್ತು. ಮುಂದಿನ ತಿಂಗಳ ದೊಡ್ಡ ರೇಸಿಗೆ ನನ್ನನ್ನು ಸೇರಿಸಿಕೊಳ್ಳುವುದೋ ಬೇಡವೋ ಎಂದು ನೋಡಲಿಕ್ಕೇ ಅದು. ಮುಂದಿನ ಹಾಯಿಯ ಹಗ್ಗ ನನ್ನ ಪಾಲಿಗೆ ಬಂತು. ಅದನ್ನು ಉಕ್ಕಿನ ಉರುಳೆಗೆ ಸುತ್ತಿ ಬಿಗಿದಿರುತ್ತಾರೆ, ಬರಿಗೈಯಲ್ಲಿ ಹಿಡಿದು ನಿಲ್ಲಿಸುವುದು ಯಾರಪ್ಪನ ಕೈಯಲ್ಲೂ ಆಗದು. ಎರಡನೇ ತಿರುವು ದಾಟುತ್ತಿದ್ದಂತೆ ಜೋರು ಗಾಳಿಗೆ ದೂರದ ನೀರು ಕಪ್ಪಾಗುತ್ತಾ ನಮ್ಮ ಕಡೆ ಬಂತು. ನನ್ನ ಕತ್ತಿನ ಹಿಂದೆ ತಣ್ಣಗಾಯಿತು. ಕೈ ಯಾರನ್ನೂ ಕೇಳಲಿಲ್ಲ, ಉರುಳೆಯ ಸುತ್ತು ಬಿಚ್ಚಿ ಹಗ್ಗ ಬಿಟ್ಟೇಬಿಟ್ಟಿತು. ನಮ್ಮ ದೋಣಿಯಲ್ಲಾಗಿದ್ದರೆ ನೀವು ಮೆಚ್ಚಿ ತಲೆಯಾಡಿಸುತ್ತಿದ್ದಿರಿ. ಇಲ್ಲಿ ನನ್ನ ಬೆನ್ನ ಹಿಂದೆ, ಅದೇ ಹಗ್ಗದ ತುದಿಯಲ್ಲಿ ಬಿದ್ದಿದ್ದ ಸಿಕ್ಕನ್ನು ನಮ್ಮ ತಂಡದ ಲೆಕ್ಕದ ಮೇಷ್ಟ್ರೊಬ್ಬರು ಬಿಡಿಸುತ್ತಿದ್ದರು. ಹಗ್ಗ ಅವರ ಅಂಗೈಯ ಚರ್ಮ ಕಿತ್ತುಕೊಂಡೇ ಓಡಿತು.

ನಮ್ಮ ಕ್ಯಾಪ್ಟನ್ ಹಲ್ಲಿನ ಡಾಕ್ಟರಮ್ಮ. ದಡಕ್ಕೆ ಬಂದ ಮೇಲೆ ಮೇಷ್ಟ್ರಿಗೆ ತಾವೇ ಪಟ್ಟಿ ಕಟ್ಟುತ್ತಾ, ನನ್ನ ಮುಖ ನೋಡದೆ ಕೇಳಿದರು: "ಗಾಳಿ ಬರೋದು ನಮ್ಮೆಲ್ರಿಗಿಂತ ಮೊದ್ಲು ನಿಮಗೆ ಗೊತ್ತಾಯ್ತು, ಒಪ್ಕೋತೀನಿ. ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಡಿಂಗೀಲಿ ಹೀಗೇ ಮಾಡೋದು" ಎಂದೆ. ಈ ಬಾಯಿ ಸುಮ್ಮನಿರಬೇಕಲ್ಲ.

"ಅಲ್ಲಿ ಎಷ್ಟು ಜನ ಇರ್ತಿದ್ರಿ?"

"ಇಬ್ರು."

"ಆ ಇನ್ನೊಬ್ರಿಗೂ ಏನೂ ಹೇಳ್ತಿರ್ಲಿಲ್ವಾ?"

ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದೆ, ದೊಡ್ಡ ಹೆಮ್ಮೆಯಿಂದ. ಮೇಷ್ಟ್ರು ಆ ನೋವಿನಲ್ಲೂ ನಕ್ಕು, "ಅದೃಷ್ಟವಂತ್ರು ಬಿಡಿ" ಎಂದರು.

ಅವತ್ತಿನಿಂದ ನಾನು ಹಗ್ಗ ಮುಟ್ಟುವ ಹಾಗಿಲ್ಲ. ಅಂಚಿನಲ್ಲಿ ಕೂತು ಗಾಳಿ ಬರುವುದನ್ನು ಕೂಗಿ ಹೇಳಬೇಕು, ಅಷ್ಟೇ. ಹನ್ನೊಂದು ವರ್ಷದ ಅನುಭವಕ್ಕೆ ಗಿಳಿಯ ಕೆಲಸ! ಮೈಯೆಲ್ಲ ಉರಿಯುತ್ತದೆ. ಇನ್ನೂ ಉರಿಯುವುದೇನೆಂದರೆ, ಆ ಗಿಳಿಯ ಕೆಲಸವೂ ನನಗೆ ಸರಿಯಾಗಿ ಬರುತ್ತಿಲ್ಲ. ಮೈಗೆ ತಿಳಿದದ್ದನ್ನು ಬಾಯಿಗೆ ತರುವಷ್ಟರಲ್ಲಿ ಗಾಳಿ ಬಂದು ಹೋಗಿರುತ್ತದೆ. ಡಿಂಗಿ ನನಗೆ ಕಲಿಸಿದ್ದೂ ಉಂಟು, ನನ್ನನ್ನು ಕೆಡಿಸಿದ್ದೂ ಉಂಟು. ಶನಿವಾರ ಇನ್ನೊಂದು ಅವಕಾಶ ಕೊಡುತ್ತಾರಂತೆ, ಅದೇ ಕೊನೆಯದು.

ಹೊತ್ತಿಗೆ ಸರಿಯಾಗಿ ಉಣ್ಣಿ. ಗ್ಯಾಸ್ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ದೋಣಿ ರಿಪೇರಿಯವನು ಫೋನ್ ಮಾಡಿದ್ದ. "ಅಕ್ಕಾ, ಯಜಮಾನ್ರು ನಿಮ್ಮ ದೋಣಿನ ಕಲಿಯೋ ಮಕ್ಕಳಿಗೆ ಅಂತ ಹಾಯಿದೋಣಿ ಶಾಲೆಗೆ ಕೊಟ್ಬಿಟ್ರಲ್ಲ, ನಿಮ್ಮ ಕೈಗವಸು ಒಳಗೇ ಉಳ್ಕೊಂಡಿದೆ" ಎಂದ. ಯಾಕೆ ಕೊಟ್ಟರು ಎಂದೆ. "ಅವರ ಮಂಡಿ ಹೋಗಿ ವರ್ಷ ಆಯ್ತಲ್ಲಕ್ಕಾ, ನಿಮಗೆ ಗೊತ್ತಿರ್ಲಿಲ್ವಾ?" ಎಂದ. ಗೊತ್ತಿತ್ತು ಎಂದು ಸುಳ್ಳು ಹೇಳಿದೆ.

ಕಳೆದ ವರ್ಷ ಪೂರ್ತಿ ನೀವು ಅಂಚಿಗೆ ಒಂದು ಉಸಿರು ತಡವಾಗಿ ಬರುತ್ತಿದ್ದಿರಿ. ಅದು ನನಗೆ ಕೂತಲ್ಲೇ ತಿಳಿಯುತ್ತಿತ್ತು. ನಿಮಗೆ ಇದರಲ್ಲಿ ಮನಸ್ಸಿಲ್ಲ ಎಂದುಕೊಂಡೆ. "ಇಷ್ಟ ಇಲ್ದಿದ್ರೆ ಬರಬೇಡಿ" ಎಂದು ರೇಗಿದ್ದೆ, ನೆನಪಿದೆಯಾ? ನೀವು ನಕ್ಕು ಹಗ್ಗ ಸುತ್ತಿಟ್ಟಿರಿ.

ಮೇಷ್ಟ್ರ ಅಂಗೈ ಹದಿನೈದು ದಿನದಲ್ಲಿ ಮಾಯುತ್ತದಂತೆ. ಹೇಳದೆ ಹಗ್ಗ ಬಿಟ್ಟಿದ್ದಕ್ಕೆ ಅವರ ಹತ್ತಿರ ತಪ್ಪಾಯಿತೆಂದು ಕೇಳಿಕೊಂಡೆ. ನೀವೂ ನನಗೆ ಹೇಳದೆ ದೋಣಿ ಬಿಟ್ಟಿರಿ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. 'ಹೂಂ' ಅನ್ನಬೇಡಿ. ಮಂಡಿ ನೋಯುತ್ತಿದೆ ಎಂದು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿ.